ಆರಡಿ ಅಕ್ವೇರಿಯಂ ಸಂಪಿಗೆ ಯಾವ ಪಂಪು? ಕೂಲರ್, ಎಸಿ, ಡಿಸಿ ಮೂರನ್ನೂ ಒಂದೇ ಪೈಪಿಗೆ ಹಾಕಿ ನೋಡಿದ ಹೋಲಿಕೆ

ವಿಜಯಪುರದ ಅಂಗಡಿಗಳಲ್ಲಿ ‘ಸಂಪಿಗೆ ಪಂಪು ಕೊಡ್ರಿ’ ಅಂದರೆ ಅಂಗಳದ ಸಂಪಿನಿಂದ ಮಾಳಿಗೆ ಟ್ಯಾಂಕಿಗೆ ನೀರೇರಿಸುವ ಅರ್ಧ ಎಚ್‌ಪಿ ಮೋಟರನ್ನೇ ಮುಂದಿಡುತ್ತಾರೆ. ಅದು ಬೇಡ. ಅಕ್ವೇರಿಯಂ ಸಂಪು ಸ್ಟ್ಯಾಂಡಿನ ಕೆಳಗಿರುವ ಗಾಜಿನ ತೊಟ್ಟಿ; ಮೀನಿನ ತೊಟ್ಟಿಯ ನೀರು ಇದಕ್ಕೆ ಇಳಿದು, ಸೋಸಿ, ಪಂಪಿನಿಂದ ಮತ್ತೆ ಮೇಲೇರುತ್ತದೆ. ಅಲ್ಲಿ ದಿನದ 24 ಗಂಟೆಯೂ ತಿರುಗುವ, ಒಳಗೆ ಎಣ್ಣೆ ಇಲ್ಲದ, ತಾಮ್ರ ನೀರಿಗೆ ತಾಗದ ಪಂಪು ಬೇಕು.

ಹೋಲಿಕೆಗೆ ತೆಗೆದುಕೊಂಡ ತೊಟ್ಟಿ 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ನೀರು ಸುಮಾರು 680 ಲೀಟರ್. ಗಂಟೆಗೆ ಐದು ಸಲ ಸುತ್ತಬೇಕಾದರೆ 3400 ಲೀಟರ್ ಮೇಲೆ ಬಂದು ಬೀಳಬೇಕು. ಎತ್ತರ ಅಳೆಯುವಾಗ ಹಲವರು ಪಂಪಿನ ತಳದಿಂದ ಅಳೆಯುತ್ತಾರೆ, ಅದು ತಪ್ಪು. ಸಂಪಿನ ನೀರಿನ ಮಟ್ಟದಿಂದ ಮೇಲಿನ ಬಾಯಿಯವರೆಗೆ ಎಷ್ಟಿದೆಯೋ ಅಷ್ಟೇ ಲೆಕ್ಕ: ಇಲ್ಲಿ ಮೂರೂವರೆ ಅಡಿ. ಪೈಪು, ಎಲ್ಬೋಗಳ ತಿಕ್ಕಾಟ ಇದರ ಮೇಲೆ ಸೇರುತ್ತದೆ.

ಅಳತೆಗೆ 20 ಲೀಟರ್ ಬಕೆಟ್ಟು ಸಾಕು. ಮೇಲಿನ ಬಾಯಿಗೆ ಹಿಡಿದು, ತುಂಬಲು ಹಿಡಿದ ಸೆಕೆಂಡುಗಳಿಂದ 72000ವನ್ನು ಭಾಗಿಸಿದರೆ ಗಂಟೆಗೆ ಎಷ್ಟು ಲೀಟರ್ ಎಂಬುದು ಸಿಗುತ್ತದೆ.

ಕೂಲರ್ ಪಂಪು (40 ವ್ಯಾಟ್) ಅಗ್ಗ, ಎಲ್ಲೆಡೆ ಸಿಗುತ್ತದೆ. ಬಕೆಟ್ಟಿಗೆ 72 ಸೆಕೆಂಡು, ಅಂದರೆ ಗಂಟೆಗೆ 1000 ಲೀಟರ್. ಡಬ್ಬಿಯ ಮೇಲೆ 6 ಅಡಿ ಹೆಡ್ (ನೀರೆತ್ತುವ ಗರಿಷ್ಠ ಎತ್ತರ) ಎಂದು ಬರೆದಿರುತ್ತದೆ, ಆದರೆ ಆ ಎತ್ತರದಲ್ಲಿ ಹರಿವು ಸೊನ್ನೆ ಎಂಬುದೇ ಅದರ ಅರ್ಥ. ನೀರು ಬದಲಿಸುವ ದಿನ ಬಕೆಟ್ಟಿನಿಂದ ಎತ್ತಿ ಹಾಕಲು ಇಟ್ಟುಕೊಳ್ಳಿ, ಸಂಪಿಗೆ ಬೇಡ.

ನಿಜವಾದ ಪೈಪೋಟಿ ಉಳಿದೆರಡರ ನಡುವೆ. 85 ವ್ಯಾಟಿನ ಎಸಿ ಮ್ಯಾಗ್ನೆಟ್ ಪಂಪು (ಡಬ್ಬಿಯ ಮೇಲೆ 5000 ಲೀಟರ್) 22 ಸೆಕೆಂಡಿನಲ್ಲಿ ಬಕೆಟ್ಟು ತುಂಬಿತು, 3270 ಲೀಟರ್. ಇದು ಒಂದೂಕಾಲು ಇಂಚಿನ ಪೈಪಿನಲ್ಲಿ. ಅದನ್ನೇ ಒಂದಿಂಚಿನ ಪೈಪು, ಮೂರು ಎಲ್ಬೋಗೆ ಜೋಡಿಸಿದಾಗ 27 ಸೆಕೆಂಡು ಹಿಡಿಯಿತು. ಗಂಟೆಗೆ 600 ಲೀಟರ್ ಪೈಪಿನಲ್ಲೇ ಹೋಯಿತು. ದೊಡ್ಡ ಪಂಪು ಕೊಳ್ಳುವ ಮೊದಲು ಪೈಪು ಅಗಲ ಮಾಡಿ, ಎಲ್ಬೋ ಬದಲು ಉದ್ದ ಬೆಂಡ್ ಹಾಕಿ.

50 ವ್ಯಾಟಿನ, 24 ವೋಲ್ಟ್ ಡಿಸಿ ಪಂಪು ಅದೇ ಅಗಲ ಪೈಪಿನಲ್ಲಿ 20 ಸೆಕೆಂಡು, 3600 ಲೀಟರ್. ತಿಂಗಳಿಗೆ 720 ಗಂಟೆ ಲೆಕ್ಕ ಹಾಕಿದರೆ ಎಸಿಗೆ 61 ಯೂನಿಟ್, ಡಿಸಿಗೆ 36. ಕರೆಂಟ್ ಬಿಲ್ಲಿಗಿಂತ ದೊಡ್ಡ ಮಾತು ಬೇಸಿಗೆಯದು. ಮುಳುಗಿದ ಪಂಪು ತಿನ್ನುವ ಕರೆಂಟೆಲ್ಲ ಕೊನೆಗೆ ನೀರಿಗೇ ಶಾಖವಾಗಿ ಸೇರುತ್ತದೆ. ಹೊರಗೆ 40 ಡಿಗ್ರಿ ದಾಟಿದ ಏಪ್ರಿಲ್–ಮೇ ತಿಂಗಳಲ್ಲಿ ಆ 35 ವ್ಯಾಟ್ ಉಳಿತಾಯ ಮೀನಿಗೆ ಸಲ್ಲುತ್ತದೆ.

ಡಿಸಿಯಲ್ಲಿ ವೇಗ ಕಡಿಮೆ ಮಾಡಬಹುದು, ಆದರೆ ಒಂದು ಮೋಸವಿದೆ. ವೇಗ ಅರ್ಧವಾದರೆ ನೀರೆತ್ತುವ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. 4 ಮೀಟರ್ ಹೆಡ್ಡಿನ ಪಂಪಿಗೆ ಉಳಿಯುವುದು 1 ಮೀಟರ್. ಮೂರೂವರೆ ಅಡಿ ಎಂದರೆ ಅದಕ್ಕಿಂತ ತುಸು ಹೆಚ್ಚು. ಪಂಪು ತಿರುಗುತ್ತಿರುತ್ತದೆ, ಮೇಲೆ ಒಂದು ಹನಿ ಬೀಳುವುದಿಲ್ಲ.

ನಂಬಿಕೆಯ ಪರೀಕ್ಷೆ ನಡೆಯುವುದು ಕರೆಂಟ್ ಹೋಗಿ ಬಂದ ಮೇಲೆ. ನಮ್ಮ ಬೋರಿನ ಗಡಸು ನೀರಿನಲ್ಲಿ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಕುಳಿಯೊಳಗೆ ಸುಣ್ಣದಂಥ ಬಿಳಿ ಪದರ ಕಟ್ಟುತ್ತದೆ. ತಿರುಗುತ್ತಿರುವವರೆಗೆ ತೊಂದರೆ ಕಾಣದು; ಒಮ್ಮೆ ನಿಂತರೆ ಎಸಿ ಪಂಪು ಗುಂಯ್ ಎನ್ನುತ್ತಾ ಅಲ್ಲೇ ಕೂರುತ್ತದೆ. ಸಂಜೆ ವೋಲ್ಟೇಜ್ ಬಿದ್ದಾಗ ಇದು ಹೆಚ್ಚು. ಡಿಸಿಯ ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೆ ಒಪ್ಪಿಕೊಳ್ಳುವುದರಿಂದ ಆ ಕಾಟವಿಲ್ಲ, ನೀರು ತಗ್ಗಿದರೆ ತಾನೇ ನಿಲ್ಲುವ ಏರ್ಪಾಡೂ ಹಲವುಗಳಲ್ಲಿದೆ. ಆದರೆ ಕೆಲವು ಕಂಟ್ರೋಲರುಗಳು ಕರೆಂಟ್ ಬಂದರೂ ಗುಂಡಿ ಒತ್ತುವವರೆಗೆ ಏಳುವುದಿಲ್ಲ. ಅಂಗಡಿಯಲ್ಲೇ ಪ್ಲಗ್ ಕಿತ್ತು ಹಾಕಿ ನೋಡಿ. ಏಳದಿದ್ದರೆ ಅದು ಎಷ್ಟೇ ಚೆನ್ನಾಗಿದ್ದರೂ ಬೇಡ.

ಎರಡಕ್ಕೂ ಎರಡು ತಿಂಗಳಿಗೊಮ್ಮೆ ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ಸ್ನಾನ: ಲೀಟರ್ ನೀರಿಗೆ ಎರಡು ಚಮಚ, ಅರ್ಧ ಗಂಟೆ, ಮೆದು ಬ್ರಶ್ಶು, ಚೆನ್ನಾಗಿ ತೊಳೆದು ವಾಪಸ್. ಇಂಪೆಲ್ಲರನ್ನು ಓರೆಯಾಗಿ ಎಳೆಯಬೇಡಿ, ಸೆರಾಮಿಕ್ ಶಾಫ್ಟು ಕಡ್ಡಿಯ ಹಾಗೆ ಮುರಿಯುತ್ತದೆ.

ಪಂಪು ನಿಂತಾಗ ನೀರು ಪೈಪಿನಿಂದ ಹಿಂದಕ್ಕೆ ಇಳಿಯುತ್ತದೆ. ಈ ತೊಟ್ಟಿಯಲ್ಲಿ ಒಂದಿಂಚು ತಗ್ಗಿದರೆ 28 ಲೀಟರ್ ಸಂಪಿಗೆ ಬಂತೆಂದೇ ಲೆಕ್ಕ. ವಾಪಸ್ ಪೈಪಿನಲ್ಲಿ ನೀರಿನ ಮಟ್ಟದ ತುಸು ಕೆಳಗೆ 5 ಮಿಲಿಮೀಟರ್ ತೂತು ಕೊರೆದರೆ ಅಲ್ಲಿಗೆ ಗಾಳಿ ಸೇರಿ ನಿಲ್ಲುತ್ತದೆ. ನೀರು ಹಿಂದಕ್ಕೆ ಬರದಂತೆ ತಡೆಯುವ ಚೆಕ್ ವಾಲ್ವ್ ನಂಬಬೇಡಿ, ಅದಕ್ಕೂ ಅದೇ ಬಿಳಿ ಪದರ ಹಿಡಿಯುತ್ತದೆ.

ಖರ್ಚಿಗೆ ಅನುಕೂಲವಿದ್ದರೆ ಡಿಸಿ ಹಾಕಿ, ಅಡಾಪ್ಟರನ್ನು ಕಪಾಟಿನ ಹೊರಗೆ, ನೀರಿಗಿಂತ ಮೇಲೆ, ಗಾಳಿ ಆಡುವಲ್ಲಿ ಕೂರಿಸಿ. ಅಷ್ಟು ಅನುಕೂಲವಿಲ್ಲದಿದ್ದರೆ ಸೆರಾಮಿಕ್ ಶಾಫ್ಟಿನ ಎಸಿ, ಜೊತೆಗೆ ಅದೇ ದಿನ ಬಿಡಿ ಇಂಪೆಲ್ಲರ್ ಒಂದು. ವರ್ಷ ಬಿಟ್ಟು ಕೇಳಿದರೆ ಆ ಮಾಡೆಲ್ಲೇ ಅಂಗಡಿಯಲ್ಲಿ ಇರುವುದಿಲ್ಲ. ಯಾವುದೇ ಇರಲಿ, ಆ ಪ್ಲಗ್ಗಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಇಲ್ಲದೆ ಸಂಪಿನೊಳಗೆ ಕೈ ಹಾಕಬೇಡಿ.