ಮೋಟರ್‌ಹೋಮಿನ ಅಡುಗೆಮನೆ: ಫ್ರಿಜ್ ಬದಲಾಯಿತು, ಒವನ್ ಹೋಯಿತು, ಗ್ಯಾಸ್ ಒಲೆ ಉಳಿಯಿತು

ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಸಮೀಪ ನೆಲೆಸಿರುವ ನಾವು ಮೂರು ವರ್ಷಗಳ ಹಿಂದೆ 24 ಅಡಿ ಉದ್ದದ, ಹತ್ತು ವರ್ಷ ಹಳೆಯ ಮೋಟರ್‌ಹೋಮ್ (ಒಳಗೇ ಅಡುಗೆ ಮಾಡಿ ಮಲಗಬಹುದಾದ ಗಾಡಿ) ಒಂದನ್ನು ಕೊಂಡೆವು. ಕೊಳ್ಳುವಾಗ ಇಂಜಿನ್, ಟೈರು, ಚಾವಣಿಯ ಸೋರಿಕೆ ಇವೆಲ್ಲವನ್ನೂ ಗಂಟೆಗಟ್ಟಲೆ ಪರೀಕ್ಷಿಸಿದ ನಾವು ಅಡುಗೆಮನೆಯ ವಿಷಯದಲ್ಲಿ ಮಾತ್ರ ಬಾಗಿಲುಗಳನ್ನು ಒಮ್ಮೆ ತೆರೆದು ಮುಚ್ಚಿ ಸಮಾಧಾನಪಟ್ಟುಕೊಂಡಿದ್ದೆವು. ಫ್ರಿಜ್ ಇತ್ತು, ಮೂರು ಬರ್ನರಿನ ಗ್ಯಾಸ್ ಒಲೆ ಇತ್ತು, ಅದರಡಿಯಲ್ಲಿ ಒವನ್, ಮೇಲೆ ಮೈಕ್ರೋವೇವ್ ಇದ್ದವು. ಇನ್ನೇನು ಬೇಕು ಎನ್ನಿಸಿತ್ತು. ಎರಡು ಪ್ರವಾಸ ಮುಗಿಯುವ ಹೊತ್ತಿಗೆ, ಆ ಅಡುಗೆಮನೆಯನ್ನು ರೂಪಿಸಿದವರ ಕಣ್ಣೆದುರು ಇದ್ದದ್ದು ಬೇರೆ ಯಾರದೋ ಊಟ ಎಂಬುದು ತಿಳಿಯಿತು. ಅಲ್ಲಿಂದೀಚೆಗೆ ಏನನ್ನು ಬದಲಿಸಿದೆವು, ಯಾವುದಕ್ಕೆ ಕೊಟ್ಟ ಹಣ ಸಾರ್ಥಕವಾಯಿತು, ಯಾವುದು ದಂಡವಾಯಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಯಾವ ಸಾಧನದ ಬೆಲೆ ನೋಡುವುದಕ್ಕೂ ಮೊದಲು ಕ್ಯಾಂಪ್‌ಗ್ರೌಂಡಿನಲ್ಲಿ, ಅಂದರೆ ಗಾಡಿ ನಿಲ್ಲಿಸಿ ತಂಗುವ ಜಾಗದಲ್ಲಿ, ಗಾಡಿಗೆ ಎಷ್ಟು ಕರೆಂಟು ಬರುತ್ತದೆ ಎಂಬುದನ್ನು ನೋಡಬೇಕು. ನಮ್ಮದು 30 ಆಂಪಿಯರಿನ ಗಾಡಿ. ಅಮೆರಿಕದ 120 ವೋಲ್ಟ್ ಲೆಕ್ಕದಲ್ಲಿ ಒಟ್ಟು 3,600 ವಾಟ್. ಚಾವಣಿಯ ಮೇಲಿನ ಏಸಿಯೊಂದೇ 12ರಿಂದ 15 ಆಂಪಿಯರ್ ಎಳೆಯುತ್ತದೆ. ಮೈಕ್ರೋವೇವ್ 13ರ ಆಸುಪಾಸಿನಲ್ಲಿದೆ. 1,800 ವಾಟಿನ ಇಂಡಕ್ಷನ್ ಒಲೆ ಪೂರ್ತಿ ಉರಿಯಲ್ಲಿ 15 ತೆಗೆದುಕೊಳ್ಳುತ್ತದೆ. ಇವುಗಳಲ್ಲಿ ಎರಡನ್ನು ಒಟ್ಟಿಗೆ ಹಾಕಬಹುದು, ಮೂರನೆಯದಕ್ಕೆ ಕೈ ಹಾಕಿದರೆ ಟ್ರಿಪ್ ಆಗುತ್ತದೆ. ದೊಡ್ಡ ಗಾಡಿಗಳಿಗಿರುವ 50 ಆಂಪಿಯರಿನ ಸಂಪರ್ಕದಲ್ಲಿ ಎರಡು ಲೈನುಗಳು ಬರುವುದರಿಂದ ಅಲ್ಲಿ 12,000 ವಾಟ್ ಸಿಗುತ್ತದೆ, ಅವರ ಚಿಂತೆಯೇ ಬೇರೆ. ಗ್ರ್ಯಾಂಡ್ ಕ್ಯಾನ್ಯನ್ನಿನ ದಕ್ಷಿಣ ಅಂಚಿನಲ್ಲಿರುವ ಮ್ಯಾಥರ್ ಕ್ಯಾಂಪ್‌ಗ್ರೌಂಡಿನಂಥ ಕಡೆ ಕರೆಂಟಿನ ಸಂಪರ್ಕವೇ ಇಲ್ಲ, ಜನರೇಟರ್ ಓಡಿಸಲು ಗೊತ್ತುಪಡಿಸಿದ ಹೊತ್ತು ಮಾತ್ರ ಅವಕಾಶ. ಅಂಥಲ್ಲಿ ಉಳಿಯುವುದು ಗ್ಯಾಸ್ ಮತ್ತು ಬ್ಯಾಟರಿ. ನಾವು ಉಳಿಯುವುದು ಹೆಚ್ಚಾಗಿ ಇಂಥ ಜಾಗಗಳಲ್ಲೇ ಆದ್ದರಿಂದ, ನನ್ನ ಅಭಿಪ್ರಾಯಗಳನ್ನು ಆ ಹಿನ್ನೆಲೆಯಲ್ಲಿಯೇ ಓದಿಕೊಳ್ಳಬೇಕು.

ಮೊದಲು ಹೋದದ್ದು ಫ್ರಿಜ್. ಹಳೆಯದು ಅಬ್ಸಾರ್ಪ್ಶನ್ ಬಗೆಯದು. ಅದರಲ್ಲಿ ಕಂಪ್ರೆಸರ್ ಇಲ್ಲ, ಚಲಿಸುವ ಯಾವ ಭಾಗವೂ ಇಲ್ಲ; ಹಿಂಬದಿಯ ಕೊಳವೆಗಳಲ್ಲಿ ಅಮೋನಿಯಾ, ನೀರು ಮತ್ತು ಜಲಜನಕ ತುಂಬಿರುತ್ತವೆ. ಬುಡದಲ್ಲಿರುವ ಪುಟ್ಟ ಗ್ಯಾಸ್ ಜ್ವಾಲೆಯೋ ವಿದ್ಯುತ್ ಹೀಟರೋ ಕೊಡುವ ಶಾಖಕ್ಕೆ ಅಮೋನಿಯಾ ನೀರಿನಿಂದ ಬೇರ್ಪಟ್ಟು ಮೇಲೇರಿ, ತಣಿದು ದ್ರವವಾಗಿ, ಮತ್ತೆ ಆವಿಯಾಗುವಾಗ ಒಳಗಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಸ್ವೀಡನ್ನಿನ ಬಾಲ್ಟ್‌ಸಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು 1922ರಲ್ಲಿ ಕಂಡುಕೊಂಡ ಉಪಾಯವಿದು. ಬೆಂಕಿ ಹಚ್ಚಿ ತಂಪು ಮಾಡುವ ಈ ಜಾಣತನದ ಬಗ್ಗೆ ನನಗೆ ಈಗಲೂ ಗೌರವವಿದೆ, ಮೇಲಾಗಿ ಅದು ಒಂದಿಷ್ಟೂ ಸದ್ದು ಮಾಡುವುದಿಲ್ಲ. ಆದರೆ ಗಾಡಿ ಸಮತಟ್ಟಾಗಿ ನಿಂತಿರದಿದ್ದರೆ ಒಳಗಿನ ದ್ರವದ ಹರಿವು ಕೆಡುತ್ತದೆ. ಓರೆಯಾಗಿ ನಿಲ್ಲಿಸಿಯೇ ಬಹಳ ಹೊತ್ತು ಓಡಿಸಿದರೆ ಬುಡದಲ್ಲಿ ಶಾಖ ಪಡೆಯುವ ಬಾಯ್ಲರ್ ಅತಿಯಾಗಿ ಕಾದು ಶಾಶ್ವತವಾಗಿ ಹಾಳಾಗಬಹುದು. ಎತ್ತರದ ಜಾಗಗಳಲ್ಲಿ ಅದರ ಪುಟ್ಟ ಗ್ಯಾಸ್ ಜ್ವಾಲೆ ಕೆಲವೊಮ್ಮೆ ಸರಿಯಾಗಿ ಉರಿಯುವುದಿಲ್ಲ. ಬಿಸಿಲು ಹೆಚ್ಚಾದರಂತೂ ಅದು ಕೈಚೆಲ್ಲಿ ಕುಳಿತುಬಿಡುತ್ತದೆ. ಡೆತ್ ವ್ಯಾಲಿ ಮರುಭೂಮಿಯಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು 190 ಅಡಿ ಕೆಳಗಿರುವ ಫರ್ನೇಸ್ ಕ್ರೀಕಿನಲ್ಲಿ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನಮ್ಮ ಫ್ರಿಜ್ಜಿನೊಳಗಿನ ಥರ್ಮಾಮೀಟರ್ 12 ಡಿಗ್ರಿ ತೋರಿಸುತ್ತಿತ್ತು. ಹಾಲು ಕೆಡದೆ ಇರಬೇಕಾದರೆ 4 ಡಿಗ್ರಿ ಬೇಕು. ಬೆಳಗ್ಗೆ ಸಿಹಿಯಾಗಿದ್ದ ಮೊಸರು ಸಂಜೆಗೆ ಮಜ್ಜಿಗೆಹುಳಿಗಲ್ಲದೆ ಬೇರೆ ಯಾವುದಕ್ಕೂ ಒದಗದಷ್ಟು ಹುಳಿಯಾಗಿತ್ತು.

ಅದರ ಜಾಗಕ್ಕೆ 12 ವೋಲ್ಟಿನಲ್ಲಿ ಓಡುವ ಕಂಪ್ರೆಸರ್ ಫ್ರಿಜ್ ತಂದೆವು. ಬೆಲೆ 1,300 ಡಾಲರ್ ಬಿತ್ತು. ಹಳೆಯದರ ಹಿಂದಿದ್ದ ಕೊಳವೆಗಳ ರಾಶಿ ಇದಕ್ಕೆ ಬೇಕಿಲ್ಲದ್ದರಿಂದ ಅದೇ ಗೂಡಿನಲ್ಲಿ 8 ಘನ ಅಡಿಯ ಬದಲು 10 ಘನ ಅಡಿಯ ಫ್ರಿಜ್ ಕೂರುತ್ತದೆ. ಎರಡು ದಿನದ ದೋಸೆ ಹಿಟ್ಟು, ತೆಂಗಿನತುರಿ, ಸೊಪ್ಪು, ಹಾಲಿನ ಕ್ಯಾನು ಇವೆಲ್ಲವನ್ನು ಒಂದರ ಮೇಲೊಂದು ಪೇರಿಸಿ ಬಾಗಿಲನ್ನು ಮೊಣಕಾಲಿನಿಂದ ಒತ್ತಿ ಮುಚ್ಚುತ್ತಿದ್ದವರಿಗೆ ಈ ಎರಡು ಘನ ಅಡಿಯ ಬೆಲೆ ಗೊತ್ತಾಗುತ್ತದೆ. ಗಾಡಿ ಓರೆಯಾಗಿ ನಿಂತರೂ ಇದರ ಕೆಲಸಕ್ಕೆ ಅಡ್ಡಿಯಿಲ್ಲ, ಸಂಜೆ ತುಂಬಿದ ಪದಾರ್ಥ ರಾತ್ರಿಯೊಳಗೆ ತಣ್ಣಗಾಗುತ್ತದೆ, ಕಳೆದ ಜುಲೈನ ಬಿಸಿಲಿನಲ್ಲೂ ಒಳಗಿನ ಉಷ್ಣತೆ 4 ಡಿಗ್ರಿ ದಾಟಲಿಲ್ಲ. ಇನ್ನೊಂದು ಅನುಕೂಲವನ್ನು ಮೊದಲು ಯೋಚಿಸಿರಲಿಲ್ಲ: ಗಾಡಿ ಓಡುವಾಗ ಈಗ ಗ್ಯಾಸಿನ ಮುಖ್ಯ ವಾಲ್ವನ್ನು ನಿಶ್ಚಿಂತೆಯಿಂದ ಮುಚ್ಚಿಬಿಡುತ್ತೇವೆ, ಪೆಟ್ರೋಲ್ ಬಂಕಿಗೆ ತಿರುಗುವಾಗ ಫ್ರಿಜ್ಜಿನ ಜ್ವಾಲೆ ಆರಿಸಿದೆವೋ ಇಲ್ಲವೋ ಎಂಬ ಗಾಬರಿಯಿಲ್ಲ.

ಇದಕ್ಕೆ ತೆರಬೇಕಾದ ಬೆಲೆ ಬ್ಯಾಟರಿಯಲ್ಲಿದೆ. ನಮ್ಮ ಮೀಟರಿನ ಪ್ರಕಾರ ಹೊಸ ಫ್ರಿಜ್ ದಿನವೊಂದಕ್ಕೆ ತಂಪಿನ ಕಾಲದಲ್ಲಿ 45, ಬೇಸಿಗೆಯಲ್ಲಿ 70 ಆಂಪಿಯರ್-ಗಂಟೆ (ಬ್ಯಾಟರಿಯಲ್ಲಿರುವ ಕರೆಂಟಿನ ಅಳತೆ) ಬಳಸುತ್ತದೆ. ಗಾಡಿಯ ಜೊತೆ ಬಂದಿದ್ದ ಎರಡು ಸೀಸದ ಬ್ಯಾಟರಿಗಳಿಂದ, ಅವುಗಳ ಆಯುಷ್ಯ ಉಳಿಸಿಕೊಂಡು, ತೆಗೆಯಬಹುದಾಗಿದ್ದದ್ದು ಹೆಚ್ಚೆಂದರೆ 100. ಆದಕಾರಣ ಆರು ತಿಂಗಳೊಳಗೆ 200 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಮತ್ತು ಚಾವಣಿಯ ಮೇಲೆ 400 ವಾಟಿನ ಸೋಲಾರ್ ಪ್ಯಾನಲುಗಳನ್ನು ಹಾಕಿಸಬೇಕಾಯಿತು. ಒಳ್ಳೆಯ ಬಿಸಿಲಿದ್ದ ದಿನ ಪ್ಯಾನಲುಗಳು 110ರಷ್ಟು ತುಂಬುತ್ತವೆ, ಡಿಸೆಂಬರಿನಲ್ಲಿ ಅದರ ಅರ್ಧವೂ ಕಷ್ಟ. ಈ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕಡಿಮೆ ಚಳಿಯಲ್ಲಿ ಚಾರ್ಜ್ ಮಾಡಬಾರದು ಎಂಬುದನ್ನೂ ನೆನಪಿಡಬೇಕು. ನಾವು ಅದನ್ನು ಹೊರಗಿನ ಪೆಟ್ಟಿಗೆಯಿಂದ ತೆಗೆದು ಒಳಗೆ, ಆಸನದಡಿಗೆ ಸಾಗಿಸಿದೆವು. ಫ್ರಿಜ್ ಬದಲಿಸುತ್ತೇನೆ ಎನ್ನುವವರು ಈ ಖರ್ಚನ್ನೂ ಅದೇ ಲೆಕ್ಕದಲ್ಲಿ ಸೇರಿಸಿಕೊಳ್ಳದಿದ್ದರೆ ತಮ್ಮನ್ನು ತಾವೇ ಮೋಸ ಮಾಡಿಕೊಂಡಂತೆ.

ಜೋಡಣೆಯ ಕೆಲಸವನ್ನು ಹತ್ತಿರದ ಆರ್‌ವಿ (ಮೋಟರ್‌ಹೋಮಿನಂಥ ಗಾಡಿಗಳ) ರಿಪೇರಿ ಅಂಗಡಿಯೊಂದಕ್ಕೆ ಒಪ್ಪಿಸಿದ್ದೆವು, ಕೂಲಿ 550 ಡಾಲರ್. ಹಳೆಯ ಫ್ರಿಜ್ಜಿನ ಬಾಗಿಲು ಕಳಚಿ, 26 ಅಂಗುಲದ ಗಾಡಿಯ ಬಾಗಿಲಿನಿಂದ ಅದನ್ನು ಒಂದು ಗೀರೂ ಬೀಳದಂತೆ ಹೊರತಂದ ಕೈಚಳಕ ಮೆಚ್ಚುವಂಥದ್ದು. ಗ್ಯಾಸಿನ ಕೊಳವೆಗೆ ಬಿರಡೆ ಹಾಕಿ ಸೋರಿಕೆ ಪರೀಕ್ಷಿಸಿ ನನಗೂ ತೋರಿಸಿದರು. ಈ ಒಂದು ಕೆಲಸವನ್ನು ಯಾರೂ ತಾವೇ ಮಾಡಲು ಹೋಗಬಾರದು. ಆದರೆ ಎರಡು ಕಡೆ ಎಡವಿದರು. ಹಳೆಯ ಫ್ರಿಜ್ಜಿಗೆ 12 ವೋಲ್ಟ್ ಬೇಕಿದ್ದದ್ದು ಅದರ ನಿಯಂತ್ರಣ ಫಲಕಕ್ಕೆ ಮಾತ್ರ, ಆದ್ದರಿಂದ ಅಲ್ಲಿಗೆ ಬಂದಿದ್ದ ತಂತಿ ತೆಳುವಾಗಿತ್ತು. ಕಂಪ್ರೆಸರಿಗೂ ಅದೇ ತಂತಿಯನ್ನು, ಅದೇ ತುಕ್ಕು ಹಿಡಿದ ಜೋಡಣೆಯೊಂದಿಗೆ ಕೊಟ್ಟುಬಿಟ್ಟಿದ್ದರು. ಮೊದಲ ಪ್ರವಾಸದಲ್ಲಿಯೇ ನಡುರಾತ್ರಿ ಫ್ರಿಜ್ ನಿಂತಿತು. ಬ್ಯಾಟರಿಯ ಬಳಿ 12.3 ವೋಲ್ಟ್ ಇದ್ದರೂ ಫ್ರಿಜ್ ಬಳಿಗೆ ತಲಪುವಷ್ಟರಲ್ಲಿ 11ಕ್ಕಿಂತ ಕೆಳಗಿಳಿದು, ಕಂಪ್ರೆಸರ್ ತನ್ನ ರಕ್ಷಣೆಗೆಂದು ತಾನೇ ಬಂದ್ ಆಗುತ್ತಿತ್ತು. ನಾನೇ ಒಂದು ಶನಿವಾರ ಕುಳಿತು 10 ಗೇಜಿನ ದಪ್ಪ ತಂತಿಯನ್ನು ಪ್ರತ್ಯೇಕ ಫ್ಯೂಸಿನೊಂದಿಗೆ ಎಳೆದ ಮೇಲೆ ಈ ತೊಂದರೆ ಮತ್ತೆ ಕಾಣಿಸಲಿಲ್ಲ. ಎರಡನೆಯದಾಗಿ, ಹಳೆಯ ಫ್ರಿಜ್ಜಿನ ಬಿಸಿ ಹೊರಹೋಗಲು ಗೋಡೆಯಲ್ಲೂ ಚಾವಣಿಯಲ್ಲೂ ಇದ್ದ ಜಾಲರಿಗಳನ್ನು ಹಾಗೆಯೇ ಬಿಟ್ಟಿದ್ದರು. ಪೂರ್ವ ಕ್ಯಾಲಿಫೋರ್ನಿಯಾದ ಮೋನೊ ಸರೋವರದ ಬಳಿಯ ಚಳಿಗಾಳಿ ಅವುಗಳ ಮೂಲಕ ನೇರವಾಗಿ ನಮ್ಮ ಹಾಸಿಗೆಯವರೆಗೆ ಬಂತು. ಫೋನ್ ಮಾಡಿ ಹೇಳಿದಾಗ ಅಂಗಡಿಯವರು ವಾದ ಮಾಡದೆ ಎರಡನ್ನೂ ಒಳಗಿನಿಂದ ಉಷ್ಣನಿರೋಧಕ ಹಲಗೆ ಇಟ್ಟು ಮುಚ್ಚಿಕೊಟ್ಟರು. ತಂತಿಯ ವಿಷಯಕ್ಕೆ ಮಾತ್ರ ಅವರ ಬಳಿ ಉತ್ತರವಿರಲಿಲ್ಲ. ಅಂಗಡಿಗೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ, ಫ್ರಿಜ್ಜಿಗೆ ಐದಕ್ಕೆ ಐದು.

ಮನೆಬಳಕೆಯ ಸಾಮಾನ್ಯ ಫ್ರಿಜ್ಜನ್ನೇ ಇನ್ವರ್ಟರ್ ಮೂಲಕ ಓಡಿಸುವವರೂ ಇದ್ದಾರೆ. ಅದು ಅಗ್ಗ; ಆದರೆ ತಿರುವಿನಲ್ಲಿ ಬಾಗಿಲು ತೆರೆಯದಂತೆ ಹಿಡಿಯುವ ಚಿಲಕ ಅದಕ್ಕಿಲ್ಲ, ಇನ್ವರ್ಟರನ್ನು ಹಗಲು ರಾತ್ರಿ ಹಾಕಿಯೇ ಇಡಬೇಕು. ನಮಗೆ ಹಿಡಿಸಲಿಲ್ಲ.

ಇನ್ನು ಒಲೆ. ಇಂಡಕ್ಷನ್ನಿಗೆ ಪೂರ್ತಿ ಬದಲಾಗಿಬಿಡಬೇಕು ಎಂಬ ಉತ್ಸಾಹದಲ್ಲಿ ಎಡವುವವರು ಬಹಳ, ನಾನೂ ಅವರಲ್ಲೊಬ್ಬ. ಗಾಡಿಯ ಒಲೆಯ ದೊಡ್ಡ ಬರ್ನರಿನ ಶಾಖ ಗಂಟೆಗೆ 9,000 ಬಿಟಿಯು, ಅಂದರೆ ಸುಮಾರು 2,600 ವಾಟ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾತ್ರೆಯ ಪಕ್ಕದಿಂದ ಹಾರಿಹೋಗಿ ಗಾಡಿಯನ್ನು ಕಾಯಿಸುತ್ತದೆ. 1,800 ವಾಟಿನ ಇಂಡಕ್ಷನ್ ನೀರನ್ನು ಅದಕ್ಕಿಂತ ಬೇಗ ಕುದಿಸುತ್ತದೆ, ಬೇಸಿಗೆಯಲ್ಲಿ ಒಳಗೆ ಸೆಕೆಯಾಗುವುದಿಲ್ಲ. ಇಷ್ಟರವರೆಗೆ ಎಲ್ಲವೂ ಸರಿ. ಆದರೆ ಬರೀ 12 ವೋಲ್ಟಿನ ಬ್ಯಾಟರಿಯಿಂದ ಪೂರ್ತಿ ಉರಿಯಲ್ಲಿ ಓಡಿಸಿದರೆ ಇನ್ವರ್ಟರಿನ ನಷ್ಟವೂ ಸೇರಿ 160 ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ. ಇಪ್ಪತ್ತು ನಿಮಿಷದ ಅಡುಗೆಗೆ 55 ಆಂಪಿಯರ್-ಗಂಟೆ. ಫ್ರಿಜ್ ಹೆಚ್ಚುಕಡಿಮೆ ಒಂದು ದಿನ ಓಡುವಷ್ಟು. ಪಾತ್ರೆಗಳ ತಕರಾರು ಬೇರೆ. ಊರಿನಿಂದ ತಂದಿದ್ದ ಅಲ್ಯೂಮಿನಿಯಂ ಕುಕ್ಕರನ್ನು ಇಂಡಕ್ಷನ್ ಗುರುತಿಸುವುದೇ ಇಲ್ಲ. ಕಬ್ಬಿಣದ ದೋಸೆ ಕಾವಲಿಯನ್ನು ಗುರುತಿಸುತ್ತದೆ, ಆದರೆ ಒಳಗಿನ ಸುರುಳಿ ಇರುವಷ್ಟಗಲ ಮಾತ್ರ ಕಾಯುವುದರಿಂದ ದೋಸೆಯ ನಡುವೆ ಕರಕಲು, ಅಂಚಿನಲ್ಲಿ ಬಿಳಿಚು. ಹೀಗಾಗಿ ನಮ್ಮ ಇಂಡಕ್ಷನ್ ಈಗ ಕ್ಯಾಂಪ್‌ಗ್ರೌಂಡಿನ ಕರೆಂಟು ಇರುವಲ್ಲಿ ಹೊರಬಂದು ಸಾರು, ಹಾಲು, ಕಾಫಿಗೆ ಒದಗಿ, ಮತ್ತೆ ಸೆಳೆಖಾನೆ ಸೇರುವ ಸಹಾಯಕ. 70 ಡಾಲರಿನ ಬಿಡಿ ಒಲೆಯಾದ್ದರಿಂದ ದುಃಖವಿಲ್ಲ. ಕಟ್ಟೆಯನ್ನು ಕೊರೆದು ಶಾಶ್ವತವಾಗಿ ಕೂರಿಸಿದ್ದರೆ ಪಶ್ಚಾತ್ತಾಪಪಡುತ್ತಿದ್ದೆ.

ಗ್ಯಾಸ್ ಒಲೆಯನ್ನು ಉಳಿಸಿಕೊಳ್ಳಲು ಇನ್ನೊಂದು ಕಾರಣ ಎತ್ತರ. ಮ್ಯಾಥರ್ ಕ್ಯಾಂಪ್‌ಗ್ರೌಂಡ್ ಸುಮಾರು 7,000 ಅಡಿಯಲ್ಲಿದೆ. ಅಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಗಂಟೆಗಟ್ಟಲೆ ಬೆಂದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಗ್ಯಾಸಿನ ಮೇಲೆ ಕುಕ್ಕರ್ ಇಟ್ಟರೆ ಬ್ಯಾಟರಿಗೆ ತೊಂದರೆಯಿಲ್ಲದೆ ಕೆಲಸ ಮುಗಿಯುತ್ತದೆ. ಹಳೆಯ ಒಲೆಯಲ್ಲಿ ಮೂರು ಬರ್ನರುಗಳಿದ್ದರೂ 5 ಲೀಟರಿನ ಕುಕ್ಕರ್ ಕುಳಿತರೆ ಪಕ್ಕದಲ್ಲಿ ಬಾಣಲೆಗೆ ಜಾಗವಿರಲಿಲ್ಲ. ಆದ್ದರಿಂದ ಒಲೆ ಮತ್ತು ಒವನ್ ಎರಡನ್ನೂ ತೆಗೆಸಿ, ಎರಡೇ ಬರ್ನರಿನ, ಅಗಲವಾದ ಗ್ಯಾಸ್ ಒಲೆ ಕೂರಿಸಿ, ಒವನ್ನಿದ್ದ ಗೂಡಿನಲ್ಲಿ ಆಳವಾದ ಎರಡು ಸೆಳೆಖಾನೆ ಮಾಡಿಸಿದೆವು. ಕುಕ್ಕರ್, ಮಿಕ್ಸಿ, ಕಾವಲಿ ಈಗ ಅಲ್ಲಿವೆ. 20 ಕಿಲೋಗಿಂತ ಹೆಚ್ಚು ತೂಕವೂ ಇಳಿಯಿತು. ಬ್ರೆಡ್ಡು, ಪೀಟ್ಜಾ ಮಾಡಿಕೊಳ್ಳುವವರಿಗೆ ಒವನ್ ಬೇಕಾಗಬಹುದು. ನಾವು ಎರಡು ಪ್ರವಾಸದಲ್ಲಿ ಅದನ್ನು ಬಳಸಿದ್ದು ಹೆಚ್ಚಾಗಿ ಹಪ್ಪಳದ ಡಬ್ಬಿ ಇಡಲು.

ಮಿಕ್ಸಿಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಅಮೆರಿಕದ ವೋಲ್ಟೇಜಿಗೆಂದೇ ಮಾಡಿದ 550 ವಾಟಿನ ಪ್ರೀತಿ ಮಿಕ್ಸಿ ನಮ್ಮದು. ಚಟ್ನಿಗೆ ಮೂರು ನಿಮಿಷ ಓಡಿದರೆ ಎರಡೂವರೆ ಆಂಪಿಯರ್-ಗಂಟೆ, ಲೆಕ್ಕಕ್ಕೇ ಇಲ್ಲ. ಇನ್ವರ್ಟರ್ ಮಾತ್ರ ಪ್ಯೂರ್ ಸೈನ್ ವೇವ್ (ಮನೆಯ ಕರೆಂಟಿನಂಥದ್ದನ್ನೇ ಕೊಡುವ ಬಗೆ) ಆಗಿರಬೇಕು. ಅಗ್ಗದ ಬಗೆಯದರಲ್ಲಿ ಮೋಟಾರು ಗುಂಯ್‌ಗುಡುತ್ತ ಬಿಸಿಯಾಗುತ್ತದೆ. ಕಲ್ಲಿನ ಗ್ರೈಂಡರನ್ನು ಒಯ್ಯುವ ಆಸೆಯನ್ನು ತೂಕದ ಕಾರಣಕ್ಕೆ ಕೈಬಿಟ್ಟು ಹಿಟ್ಟನ್ನು ಮನೆಯಲ್ಲೇ ರುಬ್ಬಿ ಒಯ್ಯುತ್ತೇವೆ. ಮೈಕ್ರೋವೇವನ್ನು ಬದಲಿಸಲಿಲ್ಲ, ಅನ್ನ ಬಿಸಿ ಮಾಡಲು ಇದ್ದದ್ದೇ ಸಾಕು.

ಹೊಗೆಯ ವಿಷಯವನ್ನು ನಾವು ಕಡೆಗಣಿಸಿದ್ದೆವು. ಶಿವಮೊಗ್ಗದಿಂದ ಬಂದಿದ್ದ ಅಮ್ಮ ಗಾಡಿ ಹತ್ತಿದವರೇ, "ಅಲ್ವೋ, ಇಷ್ಟು ಜಾಗದಲ್ಲಿ ಒಗ್ಗರಣೆ ಹಾಕಿದ್ರೆ ಕೂತವರ ಗತಿ ಏನೋ?" ಎಂದು ಕೇಳಿದ್ದರು. ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದ ಅರ್ಧ ನಿಮಿಷದಲ್ಲಿ ಎಲ್ಲರೂ ಕೆಮ್ಮುತ್ತ ಹೊರಗೆ ನಿಂತಿದ್ದೆವು. ಒಲೆಯ ಮೇಲಿನ ಪುಟ್ಟ ಫ್ಯಾನಿನಿಂದ ಏನೂ ಆಗದು. ಚಾವಣಿಯ 14 ಅಂಗುಲದ ಕಿಂಡಿಗೆ ಒಳ್ಳೆಯ ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಎದುರಿನ ಒಂದು ಕಿಟಕಿಯನ್ನು ಸ್ವಲ್ಪ ತೆರೆದಿಟ್ಟ ಮೇಲೆ ಪರವಾಗಿಲ್ಲ ಎನ್ನುವಂತಾಯಿತು. ನಾವು ಮಾಡಿಸಿದ ಬದಲಾವಣೆಗಳಲ್ಲಿ ಫ್ರಿಜ್ಜಿನ ನಂತರದ ಸ್ಥಾನ ಇದಕ್ಕೇ. ಗ್ಯಾಸ್ ಮತ್ತು ಕಾರ್ಬನ್ ಮಾನಾಕ್ಸೈಡ್ ಪತ್ತೆಹಚ್ಚುವ ಯಂತ್ರಕ್ಕೂ ಆಯುಷ್ಯವಿದೆ. ನಮ್ಮದರ ಅವಧಿ ತೀರಿ ಮೂರು ವರ್ಷವಾಗಿದ್ದದ್ದು ಒಲೆ ಬದಲಿಸುವಾಗಷ್ಟೇ ಕಣ್ಣಿಗೆ ಬಿತ್ತು.

ಒವನ್ ಹೋದದ್ದರಿಂದ ಆದ ನಷ್ಟ ಒಂದೇ. ಸಂಜೆ ಅದರ ಪೈಲಟ್ ಎಂಬ ಪುಟ್ಟ ಜ್ವಾಲೆಯನ್ನು ಒಂದು ಗಂಟೆ ಹಚ್ಚಿ, ಆರಿಸಿ, ಬೆಚ್ಚಗಿದ್ದ ಗೂಡಿನೊಳಗೆ ಹಿಟ್ಟಿನ ಪಾತ್ರೆ ಇಟ್ಟರೆ ಎಂಥ ಚಳಿಯಲ್ಲೂ ಬೆಳಗಾಗುವಷ್ಟರಲ್ಲಿ ಉಬ್ಬಿರುತ್ತಿತ್ತು. ಈಗ ಆ ಕೆಲಸಕ್ಕೆ 3 ಕ್ವಾರ್ಟಿನ (ಸುಮಾರು 3 ಲೀಟರಿನ) ಇನ್‌ಸ್ಟಂಟ್ ಪಾಟ್ ಎಂಬ ವಿದ್ಯುತ್ ಕುಕ್ಕರಿನ ಮೊಸರಿನ ಬಟನ್ ಒದಗಿದೆ. ಎಂಟು ಗಂಟೆಗೆ, ಇನ್ವರ್ಟರ್ ಸುಮ್ಮನೆ ಕುಡಿಯುವುದೂ ಸೇರಿ, ಬ್ಯಾಟರಿಯಿಂದ ಸುಮಾರು 25 ಆಂಪಿಯರ್-ಗಂಟೆ ಹೋಗುತ್ತದೆ. ಮಾರನೆಯ ದಿನ ಮೋಡ ಕವಿಯುವ ಸೂಚನೆಯಿದ್ದರೆ ಆ ರಾತ್ರಿ ಹಿಟ್ಟನ್ನು ಉಬ್ಬಲು ಇಡುವುದಿಲ್ಲ, ಬೆಳಗ್ಗೆ ಅವಲಕ್ಕಿ ಕಲಸಿಕೊಳ್ಳುತ್ತೇವೆ.