ಸ್ಪೈರಲ್ ಫೇಸ್ ಪ್ಲೇಟ್: ಮಳೆಗಾಲಗಳನ್ನು ದಾಟಿದ ಮೇಲಿನ ಅನುಭವ

ಹಾಸನದ ನಮ್ಮ ಪ್ರಯೋಗಾಲಯದಲ್ಲಿ 1030 ನ್ಯಾನೋಮೀಟರ್‌ನ (ಕಣ್ಣಿಗೆ ಕಾಣದ ಅವಕೆಂಪು) ಯಿಟರ್ಬಿಯಂ ಫೈಬರ್ ಲೇಸರ್‌ನ ಮುಂದೆ ಬೆಳಕನ್ನು ತಿರುಚುವ ಈ ಗಾಜಿನ ಪ್ಲೇಟನ್ನು ಕೂರಿಸಿ ವರ್ಷಗಳೇ ಆದವು. ಫ್ಯೂಸ್ಡ್ ಸಿಲಿಕಾ ಎಂಬ ಶುದ್ಧ ಗಾಜಿನ ಮೇಲೆ ಸುತ್ತುಮೆಟ್ಟಿಲಿನಂತೆ 16 ಹಂತಗಳನ್ನು ಕೆತ್ತಿರುವ ಇದರ ಒಟ್ಟು ಎತ್ತರ 2 ಮೈಕ್ರಾನ್‌ಗಿಂತ ತುಸು ಹೆಚ್ಚು. ಇದನ್ನು ಹಾದ ಬೆಳಕು ತಿರುಚಿಕೊಂಡು, ನಡುವೆ ಕತ್ತಲಿರುವ ಉಂಗುರವಾಗುತ್ತದೆ. ಇಂಥ ಬೆಳಕಿನ ಫೋಟಾನ್‌ಗಳು ಕಕ್ಷೀಯ ಕೋನೀಯ ಸಂವೇಗವನ್ನು, ಅಂದರೆ ಈ ತಿರುಚಿನಿಂದ ಬರುವ ಸುತ್ತುಚಲನೆಯ ಸಂವೇಗವನ್ನು, ಹೊತ್ತಿರುತ್ತವೆ ಎಂಬುದನ್ನು ಭೌತವಿಜ್ಞಾನಿ ಲೆಸ್ ಅಲೆನ್ ಮತ್ತು ಸಂಗಡಿಗರು 1992ರಲ್ಲಿ ತೋರಿಸಿಕೊಟ್ಟರು.

ನಮ್ಮ ಲೇಸರ್ ಬೆಳಕನ್ನು ಅತಿ ಚಿಕ್ಕ ಮಿಡಿತಗಳಾಗಿ (ಪಲ್ಸ್) ಬಿಡುತ್ತದೆ. ಪಲ್ಸ್ ಕಿರಿದಾದಷ್ಟೂ ಅದರಲ್ಲಿ ಸೇರಿರುವ ಬಣ್ಣಗಳ ಹರವು ಹೆಚ್ಚುವುದರಿಂದ, ಒಂದೇ ತರಂಗಾಂತರಕ್ಕೆಂದು ಮಾಡಿದ ಪ್ಲೇಟು ಕೈಕೊಡುವುದೇ ಎಂಬ ಅನುಮಾನ ಕೊಳ್ಳುವಾಗ ಇತ್ತು. ನಮ್ಮ 200 ಫೆಮ್ಟೊಸೆಕೆಂಡ್ (ಒಂದು ಫೆಮ್ಟೊಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಕೋಟಿ ಕೋಟಿ ಭಾಗಗಳಲ್ಲಿ ಒಂದು) ಪಲ್ಸಿನ ಹರವು ಸುಮಾರು 8 ನ್ಯಾನೋಮೀಟರ್, ಅಂದರೆ ಶೇಕಡ 1ಕ್ಕೂ ಕಡಿಮೆ. ಇದರಿಂದ ಯಾವ ತೊಂದರೆಯೂ ಕಾಣಲಿಲ್ಲ. 10 ಫೆಮ್ಟೊಸೆಕೆಂಡ್ ಪಲ್ಸ್ ಬಳಸುವವರಿಗೆ ಈ ಹರವು 150 ನ್ಯಾನೋಮೀಟರ್ ದಾಟುತ್ತದೆ. ಅವರಿಗೆ ಇದನ್ನು ಶಿಫಾರಸು ಮಾಡಲಾರೆ.

ತರಂಗಾಂತರವನ್ನು ಅರ್ಧಕ್ಕಿಳಿಸುವ ಬಿಬಿಒ (ಬೇರಿಯಂ ಬೋರೇಟ್) ಸ್ಫಟಿಕಕ್ಕೆ ಈ ಉಂಗುರವನ್ನು ಹಾಯಿಸಿದಾಗ 515 ನ್ಯಾನೋಮೀಟರ್‌ನ ಹಸಿರು ಉಂಗುರ ಹೊರಬರುವುದು ಈ ಪ್ಲೇಟಿನ ನಿಜವಾದ ಪರೀಕ್ಷೆ. ಎರಡು ಫೋಟಾನ್‌ಗಳು ಕೂಡಿ ಒಂದಾಗುವಾಗ ಅವುಗಳ ತಿರುಚೂ ಕೂಡಿಕೊಳ್ಳಬೇಕು. ಮಸೂರವನ್ನು ಓರೆಯಾಗಿಟ್ಟು ಕ್ಯಾಮೆರಾದಲ್ಲಿ ನೋಡಿದರೆ, ಅವಕೆಂಪು ಕಿರಣ ಒಂದು ಕಪ್ಪು ಗೆರೆಯಿಂದ ಎರಡು ಹೋಳಾಗಿಯೂ, ಹಸಿರು ಕಿರಣ ಎರಡು ಗೆರೆಗಳಿಂದ ಮೂರು ಹೋಳಾಗಿಯೂ ಸ್ಪಷ್ಟವಾಗಿ ಕಾಣುತ್ತವೆ. ಗೆರೆಗಳೆಷ್ಟೋ ತಿರುಚೂ ಅಷ್ಟು. ಎಂಎಸ್ಸಿ ವಿದ್ಯಾರ್ಥಿಗಳಿಗೆ ಕೋನೀಯ ಸಂವೇಗ ಸಂರಕ್ಷಣೆಯನ್ನು ಹೀಗೆ ಎಣಿಸಿ ತೋರಿಸಬಲ್ಲ ಪ್ರಯೋಗ ನನಗೆ ಬೇರೆ ಸಿಕ್ಕಿಲ್ಲ. ಆದರೆ ಉಂಗುರದಲ್ಲಿ ಬೆಳಕು ಹರಡಿಕೊಳ್ಳುವುದರಿಂದ ಹಸಿರಿನ ಪ್ರಮಾಣ ಕಡಿಮೆ. ಅದೇ ಅಗಲದ, ನಡುವೆಯೇ ಹೆಚ್ಚು ಬೆಳಗುವ ಸಾಮಾನ್ಯ (ಗಾಸಿಯನ್) ಕಿರಣಕ್ಕೆ ಹೋಲಿಸಿದರೆ ಸಿದ್ಧಾಂತದ ಪ್ರಕಾರವೇ ಅರ್ಧದಷ್ಟು. ದಪ್ಪ ಸ್ಫಟಿಕ ಹಾಕಿ ಅದನ್ನು ಹೆಚ್ಚಿಸಹೊರಟರೆ ಉಂಗುರ ಒಂದು ಕಡೆಗೆ ಎಳೆದಂತಾಗುತ್ತದೆ.

ಪ್ಲೇಟಿನೊಂದಿಗೆ ಬಂದ ಮೌಂಟ್ (ಅದನ್ನು ಹಿಡಿದಿಡುವ ಚೌಕಟ್ಟು) ಮಾತ್ರ ತೃಪ್ತಿಕರವಾಗಿಲ್ಲ. ಅಡ್ಡಕ್ಕೂ ಉದ್ದಕ್ಕೂ ಸರಿಸುವ ತಿರುಪುಗಳಿಲ್ಲ, ಪ್ಲೇಟಿನ ಮೇಲೆ ಕೇಂದ್ರದ ಗುರುತೂ ಇಲ್ಲ. ಕಿರಣ ಸ್ವಲ್ಪ ಸರಿದರೂ ಉಂಗುರದ ಒಂದು ಬದಿ ಮಂಕಾಗುತ್ತದೆ. ಒಳ್ಳೆಯ ಎಕ್ಸ್‌ವೈ ಮೌಂಟಿಗೆ ಪ್ರತ್ಯೇಕವಾಗಿ ಹಣ ತೆಗೆದಿಡಬೇಕಾಗುತ್ತದೆ. ಆಷಾಢದ ತೇವದಲ್ಲಿ ಬಿಬಿಒ ಮಸುಕಾಗದಂತೆ ಸಿಲಿಕಾ ಜೆಲ್ ಇಟ್ಟ ಡಬ್ಬಿಯಲ್ಲಿ ಕಾಯಬೇಕು, ಪ್ಲೇಟಿಗೆ ಅಷ್ಟು ಆರೈಕೆ ಬೇಕಾಗಿಲ್ಲ. ಬೆಳಕಿನ ಅಲೆಯನ್ನು ಬಿಂದುಬಿಂದುವಾಗಿ ಹೊಂದಿಸುವ ವಿದ್ಯುತ್ ಪರದೆಯಾದ ಸ್ಪೇಷಿಯಲ್ ಲೈಟ್ ಮಾಡ್ಯುಲೇಟರ್ ಇದ್ದರೆ ತಿರುಚನ್ನು ಕಂಪ್ಯೂಟರಿನಿಂದಲೇ ಬದಲಿಸಬಹುದು ನಿಜ, ಆದರೆ ಕರೆಂಟು ಹೋಗಿ ಬಂದ ಮೇಲೂ ಏನನ್ನೂ ಹೊಂದಿಸದೆ ಕೆಲಸ ಮುಂದುವರಿಸಲು ಬಿಡುವುದು ಈ ಗಾಜಿನ ತುಂಡೇ.

ಆರ್ಡರ್ ಕೊಡುವ ಮುನ್ನ ಪ್ಲೇಟಿನ ಮೇಲಿನ ಲೇಪನ (ಕೋಟಿಂಗ್) ಎಷ್ಟು ತೀವ್ರತೆ ತಡೆಯುತ್ತದೆ ಎಂಬುದನ್ನು ಫೆಮ್ಟೊಸೆಕೆಂಡ್ ಪಲ್ಸಿಗೇ ಅಳೆದ ಅಂಕಿಯಾಗಿ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ನಮಗೆ ಬಂದ ಹಾಳೆಯಲ್ಲಿದ್ದುದು ನ್ಯಾನೊಸೆಕೆಂಡ್ ಲೇಸರಿನ ಅಂಕಿ, ಅದು ನಮ್ಮ ಪಲ್ಸಿಗೆ ನೇರವಾಗಿ ಅನ್ವಯಿಸುವುದಿಲ್ಲ.