ಲಿನಕ್ಸ್‌ನಲ್ಲಿ ಹಾಡಿನ ಜೊತೆ ಫೋಟೊ ಸ್ಲೈಡ್‌ಶೋ: ಕೆಡೆನ್‌ಲೈವ್ ಬಹಳ ದಿನ ಬಳಸಿದ ಮೇಲೆ

ಲಿನಕ್ಸ್‌ನಲ್ಲಿ ಫೋಟೊಗಳಿಗೆ ಹಾಡು ಸೇರಿಸಿ ಸ್ಲೈಡ್‌ಶೋ ಮಾಡಬೇಕು, ಯಾವುದು ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಕೆಡೆನ್‌ಲೈವ್ (Kdenlive) ಅನ್ನುವ ಉಚಿತ ವಿಡಿಯೊ ಎಡಿಟರ್. ವರ್ಷಗಳಿಂದ ಅದನ್ನೇ ಬಳಸುತ್ತಿದ್ದೇನೆ. ಆದರೆ ಅದರಲ್ಲಿ ಸ್ಲೈಡ್‌ಶೋಗೆ ಅಂತಲೇ ಕೊಟ್ಟಿರುವ ಸೌಲಭ್ಯವನ್ನು ಮಾತ್ರ ಬಳಸಬೇಡಿ ಅಂತ ಜೊತೆಗೇ ಹೇಳುತ್ತೇನೆ.

ಆ ಸೌಲಭ್ಯದ ಹೆಸರು ಸ್ಲೈಡ್‌ಶೋ ಕ್ಲಿಪ್. ಹೊಸ ಆವೃತ್ತಿಗಳಲ್ಲಿ ಇಮೇಜ್ ಸೀಕ್ವೆನ್ಸ್ ಅಂತ ಕಾಣಿಸುತ್ತದೆ. ಫೋಟೊಗಳಿರುವ ಫೋಲ್ಡರ್ ತೋರಿಸಿ, ಒಂದೊಂದು ಎಷ್ಟು ಸೆಕೆಂಡ್ ಇರಬೇಕು ಅಂತ ಹಾಕಿ, ಒಂದು ಫೋಟೊ ಕರಗಿ ಇನ್ನೊಂದು ಮೂಡುವ ಡಿಸಾಲ್ವ್‌ಗೆ ಟಿಕ್ ಮಾಡಿದರೆ ಮುಗಿಯಿತು. ನೋಡೋಕೆ ಸುಲಭ. ತೊಂದರೆ ಏನಂದರೆ ಎಲ್ಲ ಫೋಟೊಗಳೂ ಸೇರಿ ಟೈಮ್‌ಲೈನ್ (ಫೋಟೊ, ಹಾಡುಗಳನ್ನು ಸಮಯದ ಪ್ರಕಾರ ಸಾಲಾಗಿ ಜೋಡಿಸುವ ಪಟ್ಟಿ) ಮೇಲೆ ಒಂದೇ ಕ್ಲಿಪ್ ಆಗಿ ಕೂರುತ್ತವೆ, ಎಲ್ಲಕ್ಕೂ ಒಂದೇ ಅವಧಿ. ಇಪ್ಪತ್ತು ಜನ ನಿಂತಿರುವ ಗ್ರೂಪ್ ಫೋಟೊದಲ್ಲಿ ಒಬ್ಬೊಬ್ಬರ ಮುಖ ಹುಡುಕೋಕೆ ಸಮಯ ಬೇಕು, ಬರೀ ಆಕಾಶದ ಫೋಟೊಗೆ ಎರಡು ಸೆಕೆಂಡ್ ಸಾಕು, ಅಲ್ವಾ? ಅದನ್ನು ಇಲ್ಲಿ ಹೇಳೋಕೆ ದಾರಿಯೇ ಇಲ್ಲ. ಹಾಡು ತನ್ನ ಪಾಡಿಗೆ, ಫೋಟೊ ತನ್ನ ಪಾಡಿಗೆ ಓಡುತ್ತವೆ.

ನಾನು ಮಾಡುವುದು ಉಲ್ಟಾ. ಮೊದಲು ಹಾಡನ್ನು ಆಡಿಯೊ ಟ್ರ್ಯಾಕ್‌ಗೆ ಎಳೆದು ಹಾಕುತ್ತೇನೆ. ಟೈಮ್‌ಲೈನ್‌ನಲ್ಲಿ ಏನನ್ನೂ ಸೆಲೆಕ್ಟ್ ಮಾಡದೆ ಹಾಡು ಪ್ಲೇ ಮಾಡಿ, ತಾಳ ಬದಲಾಗುವ ಕಡೆ, ಪಲ್ಲವಿ ಮತ್ತೆ ಬರುವ ಕಡೆ, ನಂಬರ್ ಪ್ಯಾಡ್‌ನ ನಕ್ಷತ್ರದ ಕೀ ಒತ್ತುತ್ತಾ ಹೋಗುತ್ತೇನೆ. ಒತ್ತಿದಲ್ಲೆಲ್ಲ ಒಂದು ಗುರುತು ಬೀಳುತ್ತದೆ. ಆಮೇಲೆ ಫೋಟೊಗಳನ್ನು ಬಿಡಿಬಿಡಿಯಾಗಿ ತಂದು ಅಂಚು ಎಳೆದರೆ ಸಾಕು, ಸ್ನ್ಯಾಪ್ ಆನ್ ಇದ್ದರೆ ಅದು ತಾನಾಗೇ ಗುರುತಿಗೆ ಹೋಗಿ ಅಂಟಿಕೊಳ್ಳುತ್ತದೆ. ಎರಡು ಫೋಟೊಗಳ ನಡುವೆ ಮಿಕ್ಸ್, ಅಂದರೆ ಒಂದರಿಂದ ಇನ್ನೊಂದಕ್ಕೆ ಮೆಲ್ಲಗೆ ಬದಲಾಗುವುದು, ಬೇಕಾದರೆ ಯು (U) ಕೀ. ವಿಡಿಯೊ ಆದರೆ ಮಿಕ್ಸ್‌ಗೆ ತುದಿಯಲ್ಲಿ ಹೆಚ್ಚುವರಿ ಭಾಗ ಇರಬೇಕು, ಫೋಟೊಗೆ ಆ ತಲೆನೋವೂ ಇಲ್ಲ, ಎಷ್ಟು ಬೇಕಾದರೂ ಉದ್ದ ಎಳೆಯಬಹುದು. ಕೊನೆಯಲ್ಲಿ ಹಾಡಿನ ಮೂಲೆ ಹಿಡಿದು ಒಳಗೆ ಎಳೆದರೆ ಫೇಡ್ ಔಟ್. ಮುಖ್ಯ ದೃಶ್ಯ ಸರಿಯಾಗಿ ತಾಳಕ್ಕೆ ಬಿದ್ದಾಗ ಆಗುವ ಖುಷಿ ಯಾವ ಆಟೊಮ್ಯಾಟಿಕ್ ಟೂಲ್‌ನಿಂದಲೂ ಸಿಕ್ಕಿಲ್ಲ.

ಫೋಟೊ ಒಂದಕ್ಕೆ ಮೊದಲೇ ಇರುವ ಅವಧಿ 5 ಸೆಕೆಂಡ್. ಮೂರೂವರೆ ನಿಮಿಷದ ಹಾಡಿಗೆ 42 ಫೋಟೊ ಆಯಿತು. ಅದಕ್ಕಿಂತ ಜಾಸ್ತಿ ತುರುಕಬೇಡಿ, ಫೋಟೊ ಕಡಿಮೆ ಮಾಡಿ. ಇದು ನನ್ನ ಗಟ್ಟಿ ಅಭಿಪ್ರಾಯ.

ಫೋಟೊಗಳನ್ನು ಮೊದಲೇ ಚಿಕ್ಕದು ಮಾಡಿಕೊಳ್ಳಿ. ಫೋನಿನ 12 ಮೆಗಾಪಿಕ್ಸೆಲ್ ಫೋಟೊ ಅಂದರೆ 4000ಕ್ಕೆ 3000 ಪಿಕ್ಸೆಲ್. ನೀವು ಮಾಡುವ ವಿಡಿಯೊ 1920ಕ್ಕೆ 1080. ಹೆಚ್ಚುವರಿ ಪಿಕ್ಸೆಲ್‌ಗಳಿಂದ ಪ್ರಿವ್ಯೂ ತಡವರಿಸುತ್ತದೆ, ಹಳೆಯ ಕಂಪ್ಯೂಟರ್ ಆದರೆ ಕೇಳುವುದೇ ಬೇಡ. ಟರ್ಮಿನಲ್‌ನಲ್ಲಿ ಫೋಟೊ ತಿದ್ದುವ ಇಮೇಜ್‌ಮ್ಯಾಜಿಕ್ ಟೂಲ್‌ನ ಮಾಗ್ರಿಫೈ (mogrify) ಕಮಾಂಡ್‌ನಿಂದ ಇಡೀ ಫೋಲ್ಡರನ್ನು ಒಂದೇ ಸಲಕ್ಕೆ 2560 ಅಗಲಕ್ಕೆ ಇಳಿಸಬಹುದು, ಜೂಮ್ ಮಾಡೋಕೂ ಸ್ವಲ್ಪ ಜಾಗ ಉಳಿಯುತ್ತದೆ. ಆಟೊ ಓರಿಯೆಂಟ್ ಆಯ್ಕೆ ಸೇರಿಸಿದರೆ ಅಡ್ಡ ಮಲಗಿದ ಫೋಟೊಗಳೂ ನೆಟ್ಟಗಾಗುತ್ತವೆ. ಆದರೆ ಆ ಕಮಾಂಡ್ ಮೂಲ ಫೈಲ್ ಮೇಲೆಯೇ ಬರೆಯುತ್ತದೆ. ಫೋಲ್ಡರಿನ ನಕಲು ಮಾಡಿಕೊಂಡು, ಆ ನಕಲಿನ ಮೇಲಷ್ಟೇ ಓಡಿಸಿ.

ಬೇಜಾರಿನ ವಿಷಯವೂ ಇದೆ. ನಿಧಾನವಾಗಿ ಜೂಮ್ ಆಗಬೇಕಂದರೆ ಟ್ರಾನ್ಸ್‌ಫಾರ್ಮ್ ಎಫೆಕ್ಟ್ ಹಾಕಿ ಶುರುವಿಗೊಂದು, ಕೊನೆಗೊಂದು ಕೀಫ್ರೇಮ್ (ಆ ಕ್ಷಣದಲ್ಲಿ ಫೋಟೊ ಎಷ್ಟು ದೊಡ್ಡದು, ಎಲ್ಲಿರಬೇಕು ಅನ್ನುವ ಗುರುತು) ಕೊಡಬೇಕು. ಒಂದು ಫೋಟೊಗೆ ಮಾಡಿ ಅದರ ಎಫೆಕ್ಟನ್ನು ಉಳಿದವಕ್ಕೆ ಪೇಸ್ಟ್ ಮಾಡಬಹುದು ನಿಜ, ಆದರೆ ಮುಖ ಎಲ್ಲಿದೆ ಅಂತ ನೋಡಿ ಮತ್ತೆ ಒಂದೊಂದನ್ನೂ ತಿದ್ದಲೇಬೇಕು. ಇಷ್ಟು ಕೆಲಸ ಬೇಡ ಅನ್ನುವವರಿಗೆ ಓಪನ್‌ಶಾಟ್ ಅನ್ನುವ ಇನ್ನೊಂದು ವಿಡಿಯೊ ಎಡಿಟರ್ ಸಾಕು. ಅದರಲ್ಲಿ ಫೋಟೊಗಳನ್ನೆಲ್ಲ ಆರಿಸಿ ಟೈಮ್‌ಲೈನ್‌ಗೆ ಸೇರಿಸುವಾಗಲೇ ಫೇಡ್, ಜೂಮ್, ಟ್ರಾನ್ಸಿಶನ್ ಎಲ್ಲ ಕೇಳುತ್ತದೆ. ಟರ್ಮಿನಲ್ ಪ್ರಿಯರಿಗೆ ಕಮಾಂಡ್ ಕೊಟ್ಟು ವಿಡಿಯೊ ಮಾಡುವ ಎಫ್‌ಎಫ್‌ಎಂಪೆಗ್ (FFmpeg) ಇದ್ದೇ ಇದೆ. 2020ರಲ್ಲಿ ಬಂದ 4.3 ಆವೃತ್ತಿಯಿಂದ ಒಂದು ಫೋಟೊದಿಂದ ಇನ್ನೊಂದಕ್ಕೆ ಮೆಲ್ಲಗೆ ಬದಲಿಸುವ ಎಕ್ಸ್‌ಫೇಡ್ (xfade) ಕೂಡ ಸಿಗುತ್ತದೆ, ಆದರೆ ಹಾಡು ಕೇಳುತ್ತಾ ಫೋಟೊ ಜೋಡಿಸುವ ಕೆಲಸಕ್ಕೆ ಅದು ಹೊಂದಲ್ಲ.

ಕನ್ನಡದಲ್ಲಿ ಶೀರ್ಷಿಕೆ ಹಾಕೋಕೆ ಕೆಡೆನ್‌ಲೈವ್‌ನಲ್ಲಿ ತೊಂದರೆಯಿಲ್ಲ. ನೋಟೊ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಇದ್ದರೆ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ.

ಇನ್ನೊಂದು ಮಾತು. ಪ್ರಾಜೆಕ್ಟ್ ಫೈಲಿನೊಳಗೆ ಫೋಟೊಗಳಾಗಲಿ ಹಾಡಾಗಲಿ ಇರಲ್ಲ, ಅವು ಎಲ್ಲಿವೆ ಅನ್ನುವ ವಿಳಾಸ ಮಾತ್ರ ಇರುತ್ತದೆ. ಫೋಲ್ಡರ್ ಜಾಗ ಬದಲಾದರೆ ಮುಂದೆ ತೆರೆಯುವಾಗ ಫೈಲ್ ಸಿಗುತ್ತಿಲ್ಲ ಅಂತ ಪಟ್ಟಿ ಬರುತ್ತದೆ. ಕೆಲಸ ಮುಗಿದ ಕೂಡಲೇ ಪ್ರಾಜೆಕ್ಟ್ ಮೆನುವಿನ ಆರ್ಕೈವ್ ಪ್ರಾಜೆಕ್ಟ್ ಒತ್ತಿ, ಎಲ್ಲವನ್ನೂ ಒಂದೇ ಕಡೆ ಸೇರಿಸಿ ಬೇರೆ ಡಿಸ್ಕಿಗೆ ಹಾಕಿಡಿ.